ಬೀರುವಿನ ಆಚೆ ಬದಿಯ ದನಿ

ಬೀರು ಹೊರುವ ಕೆಲಸದಲ್ಲಿ ಒಂದು ಕಾನೂನಿದೆ. ಯಾವ ಪುಸ್ತಕದಲ್ಲೂ ಅದನ್ನು ಬರೆದಿಲ್ಲ. ಬರೆದಿದ್ದರೂ ಈ ಕಥೆಯ ಇಬ್ಬರಲ್ಲಿ ಯಾರೂ ಓದುತ್ತಿರಲಿಲ್ಲ. ಕಾನೂನು ಇಷ್ಟೇ: ಭಾರ ಕೈಯಲ್ಲಿರುವ ತನಕ ಮಾತು ನಿಲ್ಲಬಾರದು.

ಕಾರಣ ಸರಳ. ಮೆಟ್ಟಿಲ ಮೇಲೆ ಬೀರು ಇಳಿಸುವಾಗ ಒಬ್ಬ ಮೇಲಿರುತ್ತಾನೆ, ಒಬ್ಬ ಕೆಳಗಿರುತ್ತಾನೆ, ನಡುವೆ ಆರಡಿ ಮರ. ಅವನ ಮುಖ ಇವನಿಗೆ ಕಾಣದು, ಇವನ ಕಾಲು ಅವನಿಗೆ ಕಾಣದು. ಆಚೆ ಬದಿಯಲ್ಲಿ ಒಬ್ಬ ಮನುಷ್ಯ ಇನ್ನೂ ನೆಟ್ಟಗೆ ನಿಂತಿದ್ದಾನೆ ಅನ್ನುವುದಕ್ಕೆ ಅವನ ದನಿಯೊಂದೇ ಸಾಕ್ಷಿ. ದನಿ ನಿಂತಿತೋ, ಅವನ ಕಾಲು ಜಾರಿದೆ, ಇಲ್ಲ ಬೆರಳು ಸಿಕ್ಕಿಕೊಂಡಿದೆ, ಇಲ್ಲ ಏದುಸಿರು ಬಂದಿದೆ. ಆಗ "ಏನಾಯ್ತು" ಎಂದು ವಿಚಾರಿಸುತ್ತ ನಿಲ್ಲಬಾರದು. ಇದ್ದ ಮೆಟ್ಟಿಲಲ್ಲೇ ಭಾರ ಇಳಿಸಿ ಓಡಬೇಕು.

ಏನು ಮಾತಾಡಬೇಕು ಅನ್ನುವುದು ಕಾನೂನಿನಲ್ಲಿಲ್ಲ. "ಎಡಕ್ಕೆ", "ಬಲಕ್ಕೆ", "ಮೆಟ್ಟಿಲು ಬಂತು" ಎಂದು ಹೇಳಿ ಮುಗಿಸಿದ ಮೇಲೂ ಎರಡು ಅಂತಸ್ತು ಬಾಕಿ ಇರುತ್ತದೆ. ಹಾಗಾಗಿ ಮೇಲಣ್ಣ, ಕೆಳಗಣ್ಣ ಇಬ್ಬರೂ ಇಪ್ಪತ್ತೆರಡು ವರ್ಷಗಳಿಂದ ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದ್ದರು. ಕೊಡೆ ಕಳೆದುಕೊಂಡವರೇ ಊರ ತುಂಬ ಇದ್ದಾರೆ, ಸಿಕ್ಕಿತು ಅಂದವರು ಒಬ್ಬರೂ ಇಲ್ಲ, ಹಾಗಾದರೆ ಕೊಡೆಗಳೆಲ್ಲ ಎಲ್ಲಿ ಹೋದವು? ಬೆಕ್ಕಿಗೆ ತನ್ನ ಹೆಸರು ನಿಜವಾಗಿ ಗೊತ್ತಿಲ್ಲವೋ, ಗೊತ್ತಿದ್ದೂ ನಾಟಕವೋ? ಸಾಬೂನು ಸವೆದು ಚೂರಾದ ಮೇಲೆ ಅದನ್ನು ಬಿಸಾಡುವ ಧೈರ್ಯ ಯಾವ ಮನೆಯಲ್ಲೂ ಯಾರಿಗೂ ಯಾಕಿಲ್ಲ?

ಮೇಲಣ್ಣ ಕುಳ್ಳ, ಕೆಳಗಣ್ಣ ಉದ್ದ. ಉದ್ದನೆಯವನು ಕೆಳಗಿದ್ದರೆ ಬೀರು ಹೆಚ್ಚು ವಾಲುವುದಿಲ್ಲ. ಊರಿಗೆಲ್ಲ ಕುಳ್ಳನಾದವನಿಗೆ ಮೇಲಣ್ಣ ಎಂಬ ಹೆಸರು ಬಂದದ್ದು ಹೀಗೆ. ಅದನ್ನು ಅವನು ಬಿರುದಿನ ಹಾಗೆ ಇಟ್ಟುಕೊಂಡಿದ್ದ.

ಇಂಥ ಇಬ್ಬರ ನಡುವೆ ಪಾಡ್‌ಕಾಸ್ಟ್ ಎಂಬುದು ಬಂತು.

ತಂದವನು ಬೀದಿಯ ಇಸ್ತ್ರಿಯವನು. ತನ್ನ ಗಾಡಿಯ ಮೇಲೆ ಫೋನು ಇಟ್ಟು, ಇಸ್ತ್ರಿ ಮಾಡುತ್ತ ಒಬ್ಬನೇ ನಗುತ್ತಿದ್ದ.

"ರೇಡಿಯೋನಾ?" ಎಂದು ಕೇಳಿದ ಮೇಲಣ್ಣ.

"ರೇಡಿಯೋ ಅಲ್ಲ ಅಣ್ಣಾ, ಪಾಡ್‌ಕಾಸ್ಟು. ಇದರಲ್ಲಿ ಹಾಡು ಬರಲ್ಲ, ವಾರ್ತೆ ಬರಲ್ಲ."

"ಮತ್ತೇನು ಬರುತ್ತೆ?"

"ಏನೂ ಬರಲ್ಲ. ಅದೇ ಮಜಾ."

ಅದರ ಹೆಸರು 'ಏನಿಲ್ಲ, ಹೀಗೇ'. ಇಬ್ಬರು ಹಾಸ್ಯಗಾರರು, ಒಬ್ಬನದು ದಪ್ಪ ದನಿ, ಇನ್ನೊಬ್ಬನದು ತೆಳು ದನಿ. ವಾರಕ್ಕೆ ಎರಡು ಸಲ ಎದುರುಬದುರು ಕೂತು ಹರಟುತ್ತಿದ್ದರು. ಆವತ್ತಿನ ವಿಷಯ ಡಬ್ಬಿ.

"ನಮ್ಮನೇಲಿ ಹದಿನಾರು ಪ್ಲಾಸ್ಟಿಕ್ ಡಬ್ಬಿ ಇದೆ," ಅಂದಿತು ದಪ್ಪ ದನಿ. "ಮುಚ್ಚಳ ಇಪ್ಪತ್ತೊಂದು. ಒಂದಕ್ಕೊಂದು ಕೂರಲ್ಲ."

"ಹಾಗಾದ್ರೆ ಆ ಐದು ಮುಚ್ಚಳ ಬೇರೆ ಯಾರದೋ ಮನೇದು," ಅಂದಿತು ತೆಳು ದನಿ. "ಅಲ್ಲೊಂದು ಸಂಸಾರ ಐದು ಡಬ್ಬಿ ಬಾಯಿ ತೆರೆದಿಟ್ಕೊಂಡು ಕೂತಿದೆ. ನಿನಗೆ ಕರುಣೆ ಇಲ್ವಾ?"

ಮೇಲಣ್ಣ, ಕೆಳಗಣ್ಣ ಚಹಾ ಆರಿಹೋಗುವ ತನಕ ನಿಂತು ಕೇಳಿದರು. ಮುಗಿದ ಮೇಲೆ ಕೆಳಗಣ್ಣ ಗಂಭೀರವಾಗಿ ಕೇಳಿದ: "ಇವರಿಗೆ ಇದೇ ಉದ್ಯೋಗವಾ?"

"ಇದೇ."

"ನಾವು ಭಾರ ಹೊತ್ಕೊಂಡು ಮಾಡೋದನ್ನ ಇವರು ಕೂತ್ಕೊಂಡು ಮಾಡ್ತಾರೆ. ಅಷ್ಟೇ ವ್ಯತ್ಯಾಸ."

ಈ ಮಾತು ಮೇಲಣ್ಣನ ತಲೆಗೆ ಹೊಕ್ಕಿತು. ಅದೊಂದು ಹೊಗದೇ ಇದ್ದಿದ್ದರೆ ಮುಂದಿನ ಅನಾಹುತ ಯಾವುದೂ ಆಗುತ್ತಿರಲಿಲ್ಲ. ಮುಂದಿನ ವಾರ ದಪ್ಪ ದನಿ, "ಕೇಳುಗರೇ, ನಿಮಗೂ ಇಂಥದ್ದೇನಾದರೂ ಆಗಿದ್ದರೆ ನಿಮ್ಮ ದನಿಯಲ್ಲೇ ಹೇಳಿ ಕಳಿಸಿ" ಎಂದಾಗ, ಆ ಮನುಷ್ಯ ತನ್ನೊಬ್ಬನನ್ನೇ ಕೇಳುತ್ತಿದ್ದಾನೆ ಎಂದು ಮೇಲಣ್ಣನಿಗೆ ಅನ್ನಿಸಿತು. ಫೋನು ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡ. ಆದರೆ ಎಷ್ಟು ಯೋಚಿಸಿದರೂ ತನಗೆ ಏನೂ ಆದ ನೆನಪಿಲ್ಲ. ನೆನಪಾದದ್ದು ಕೆಳಗಣ್ಣನಿಗೆ ಆದದ್ದು.

ಅದನ್ನು ಕೆಳಗಣ್ಣ ಒಂದೇ ಒಂದು ಸಲ ಹೇಳಿದ್ದ, ಯಾವುದೋ ಮನೆಯ ಎರಡನೇ ಮೂರನೇ ಅಂತಸ್ತಿನ ನಡುವೆ. ಆವತ್ತು ಇಬ್ಬರೂ ನಗು ತಡೆಯಲಾರದೆ ಭಾರ ಇಳಿಸಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಒಬ್ಬನೇ ದೊಡ್ಡ ಮನೆಯೊಂದಕ್ಕೆ ಕುರ್ಚಿಗಳನ್ನು ಹೊತ್ತು ಹೋದನಂತೆ. ಎದುರಿಂದ ಇನ್ನೊಬ್ಬ ಕುರ್ಚಿ ಹೊತ್ತು ಬಂದನಂತೆ. ಇವನು ಪಕ್ಕಕ್ಕೆ ಸರಿದರೆ ಅವನೂ ಅದೇ ಪಕ್ಕಕ್ಕೆ. "ನೀವು ಮೊದಲು ಬನ್ನಿ" ಎಂದರೆ ಅವನೂ ಅದನ್ನೇ ಅನ್ನುವಂತೆ ಬಾಯಾಡಿಸುತ್ತಾನೆ. ಹೀಗೆ ಕಾಲು ಗಂಟೆ ಮರ್ಯಾದೆ ನಡೆಯಿತಂತೆ. ಗೋಡೆಗೆ ನೆಲದಿಂದ ಮಾಳಿಗೆ ತನಕ ಕನ್ನಡಿ.

ಮೇಲಣ್ಣ ಈ ಕಥೆಯನ್ನು ತನಗೇ ಆದದ್ದು ಎಂದು ಹೇಳಿ ಕಳಿಸಿದ. ಕಳಿಸುವಾಗ ಅವನ ಮನಸ್ಸಿನಲ್ಲಿ ಎರಡು ಯೋಚನೆ ಇದ್ದವು. ಒಂದು, ಗೆಳೆಯನ ಮಾನ ಉಳಿಯಲಿ. ಎರಡು, ತನ್ನ ಹೆಸರು ಬರಲಿ. ಯಾವುದು ಮೊದಲು ಬಂದದ್ದು ಎಂದು ಆಮೇಲೆ ಯಾರು ಕೇಳಿದರೂ ಅವನು ಮೊದಲನೆಯದನ್ನೇ ಹೇಳುತ್ತಿದ್ದ.

ಅದು ಪಾಡ್‌ಕಾಸ್ಟಿನಲ್ಲಿ ಬಂದೇ ಬಂತು. ತೆಳು ದನಿ ನಕ್ಕು ನಕ್ಕು ಕೆಮ್ಮಿತು. ದಪ್ಪ ದನಿ ನೀರು ಕುಡಿಸಿತು.

ಮರುದಿನದಿಂದ ಮೇಲಣ್ಣನಿಗೆ ಬೀದಿಯಲ್ಲಿ ನಡೆಯಲು ಆಗಲಿಲ್ಲ. ಇಸ್ತ್ರಿಯವನು ಎದುರು ಬಂದು, ಇವನು ಎಡಕ್ಕೆ ಸರಿದರೆ ತಾನೂ ಅದೇ ಕಡೆಗೆ ಸರಿದು, "ನೀವು ಮೊದಲು ಬನ್ನಿ" ಎಂದ. ಹಾಲಿನವಳೂ ಹಾಗೇ ಮಾಡಿದಳು. ವಾರ್ಡ್ ಕಚೇರಿಯ ಗುಮಾಸ್ತ, ಹತ್ತು ವರ್ಷದಲ್ಲಿ ಒಂದು ಸಲವೂ ತಲೆ ಎತ್ತಿ ನೋಡದವನು, ಕಿಟಕಿಯ ಹಿಂದಿನಿಂದ ಎದ್ದು ಬಂದು ಬಾಗಿಲಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿದು ತೋರಿಸಿದ. ಕೆಲಸ ಮಾತ್ರ ಮಾಡಿಕೊಡಲಿಲ್ಲ.

ಹೆಂಡತಿಯೊಬ್ಬಳಿಗೆ ನಗು ಬರಲಿಲ್ಲ. "ಮದುವೆಯಾಗಿ ಇಷ್ಟು ವರ್ಷ ಆಯ್ತು. ನನಗೆ ಹೇಳದ ಕಥೆ ಲೋಕಕ್ಕೆಲ್ಲ ಹೇಳಿದ್ರಾ?"

"ನೆನಪೇ ಇರಲಿಲ್ಲ ಕಣೇ."

"ಇರಲ್ಲ. ನಿಮಗಾಗಿದ್ರೆ ತಾನೆ ಇರೋಕೆ. ಅರ್ಧ ಗ್ಲಾಸು ನೀರು ಚೆಲ್ಲಿದ್ರೂ ಮೂರು ದಿನ ಹೇಳೋ ಜಾತಿ ನಿಮ್ಮದು."

ಮೇಲಣ್ಣ ಮಾತು ಬದಲಿಸಿದ. ಆದರೆ ಬದಲಿಸಲಾಗದ ವಿಷಯವೊಂದು ಅಷ್ಟರಲ್ಲಿ ನಡೆದುಹೋಗಿತ್ತು. ಕೆಳಗಣ್ಣ ಕೆಲಸಕ್ಕೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೇ ದಿನ ಮೇಲಣ್ಣನೇ ಅವನ ಮನೆಗೆ ಹೋದ. ಕೆಳಗಣ್ಣನ ಮಗಳು ಬಾಗಿಲು ತೆರೆದಳು.

"ಚಿಕ್ಕಪ್ಪ, ಅಪ್ಪ ಮನೇಲಿಲ್ಲ ಅಂತ ಹೇಳು ಅಂದ್ರು."

"ಎಲ್ಲಿ ಹೋಗಿದಾನಂತೆ?"

ಅವಳು ಒಳಗೆ ತಿರುಗಿ, "ಅಪ್ಪಾ, ಎಲ್ಲಿ ಹೋಗಿದೀರಿ ಅಂತ ಕೇಳ್ತಿದಾರೆ," ಎಂದಳು. "ಮಂಡಿ ನೋವು ಅನ್ನು," ಎಂದು ಒಳಗಿನಿಂದ ಕೇಳಿಸಿತು.

ಮೇಲಣ್ಣನಿಗೆ ಎಲ್ಲಾ ಅರ್ಥವಾಯಿತು. ಅಂದರೆ, ಎಲ್ಲಾ ಅರ್ಥವಾಯಿತು ಎಂದು ಅವನು ತಿಳಿದುಕೊಂಡ. ಪಾಪ, ಗುಟ್ಟು ರಟ್ಟಾಯಿತಲ್ಲ ಎಂದು ನಾಚಿಕೆಪಡುತ್ತಿದ್ದಾನೆ! ಧೈರ್ಯ ಹೇಳಿದರೆ ಸರಿಹೋಗುತ್ತಾನೆ. ಓಣಿಗೆ ಬಂದು ಅರ್ಧ ತೆರೆದಿದ್ದ ಕಿಟಕಿಯ ಕೆಳಗೆ ನಿಂತು ಕೂಗಿದ: "ಹೆದರ್ಕೋಬೇಡ ಕಣೋ! ನಿನ್ನ ಸುದ್ದಿ ಎಲ್ಲೂ ಬಂದಿಲ್ಲ! ಒಬ್ಬರಿಗೂ ಗೊತ್ತಿಲ್ಲ! ಎಲ್ಲರೂ ನಾನೇ ಅಂದ್ಕೊಂಡಿದಾರೆ!"

ಅರ್ಧ ತೆರೆದಿದ್ದ ಕಿಟಕಿ ಪೂರಾ ಮುಚ್ಚಿತು.

ಮಾರನೇ ವಾರ ಮತ್ತೆ ಹೋಗಿ, "ಗುಮಾಸ್ತನೂ ನನ್ನನ್ನೇ ನೋಡಿ ನಗ್ತಾನೆ, ನಿನಗೇನೂ ಭಯವಿಲ್ಲ!" ಎಂದು ಕೂಗಿದ. ಕಿಟಕಿಗೆ ಪರದೆಯೂ ಬಿತ್ತು. ಮೂರನೇ ಸಲ ಹೋದಾಗ, "ಇನ್ನು ನೂರು ವರ್ಷ ಹೋದ್ರೂ ಅದು ನಿನ್ನ ಕಥೆ ಅಂತ ಯಾರಿಗೂ ಗೊತ್ತಾಗಲ್ಲ, ನನ್ನಾಣೆ!" ಎಂದ. ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಇಷ್ಟು ಸಮಾಧಾನ ಹೇಳಿದರೂ ಸಮಾಧಾನವಾಗದ ಮನುಷ್ಯನನ್ನು ಮೇಲಣ್ಣ ಕಂಡಿರಲಿಲ್ಲ.

ಹೊಟ್ಟೆಪಾಡು ನಡೆಯಬೇಕಲ್ಲ. ಹೆಂಡತಿ ತನ್ನ ತಮ್ಮನನ್ನು ಕರೆಸಿದಳು.

ಈ ಬಾಮೈದ ಹದಿನೈದು ವರ್ಷ ಒಂದು ಗ್ರಂಥಾಲಯದಲ್ಲಿ ಅಟೆಂಡರ್ ಆಗಿದ್ದವನು. ಅವನ ಕೆಲಸ ಓದುವವರ ನಡುವೆ ಓಡಾಡುತ್ತ "ಶ್" ಅನ್ನುವುದು. ಗ್ರಂಥಾಲಯ ಮುಚ್ಚಿತು, "ಶ್" ಉಳಿಯಿತು. ಏನು ಕೇಳಿದರೂ ತಲೆಯಾಡಿಸುತ್ತಿದ್ದ. ತೀರಾ ಅಗತ್ಯ ಬಿದ್ದರೆ ಪಿಸುಗುಟ್ಟುತ್ತಿದ್ದ. ಮೊದಲ ದಿನ ಕಪಾಟು ಕಾಲಿನ ಮೇಲೆ ಬಿದ್ದಾಗ ಅವನ ಬಾಯಿಂದ ಬಂದದ್ದೂ "ಶ್" ಒಂದೇ. ಮೈಯಲ್ಲಿ ಬಲವಿತ್ತು, ಹೇಳಿದ ಮಾತು ಮೀರುತ್ತಿರಲಿಲ್ಲ. ಆದರೆ ಬೀರುವಿನ ಆಚೆ ಬದಿಯಲ್ಲಿ ಅವನು ಇದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಮಾತಾಡಬೇಕಪ್ಪ. ಇದು ನಮ್ಮ ಕೆಲಸದ ಕಾನೂನು. ಮಾತು ನಿಂತರೆ ಏನೋ ಆಗಿದೆ ಅಂತ ಅರ್ಥ. ಭಾರ ಇಳಿಸಿ ಓಡಬೇಕು," ಎಂದು ಮೇಲಣ್ಣ ಪಾಠ ಮಾಡಿದ.

ಬಾಮೈದ ತಲೆಯಾಡಿಸಿದ.

ಮೆಟ್ಟಿಲ ಮೇಲೆ ಅಭ್ಯಾಸಬಲದಿಂದ ಮೇಲಣ್ಣನ ಬಾಯಿ ತೆರೆಯುತ್ತಿತ್ತು. "ಅಲ್ಲಾ ಕಣೋ, ಈ ಬಾಗಿಲ ಮೇಲೆ 'ತಳ್ಳಿ' ಅಂತ ಬರೆದಿರ್ತಾರಲ್ಲ, ಅದನ್ನ ಓದಿದ ಮೇಲೂ ಎಲ್ಲರೂ ಎಳೀತಾರಲ್ಲ, ಯಾಕೆ?" ಎಂದು ಕೇಳಿ ಕಾಯುತ್ತಿದ್ದ. ಆಚೆ ಬದಿಯಿಂದ ಉತ್ತರ ಬಂದಿದ್ದರೆ ಅದು, "ಓದೋಕೆ ಬರುತ್ತೆ ಅಂತ ಬಾಗಿಲಿಗೆ ತೋರಿಸ್ಕೊಳೋಕೆ ಇಷ್ಟ ಇಲ್ಲ ಕಣೋ" ಎಂದೋ ಇನ್ನೇನೋ ಬರಬೇಕಿತ್ತು. ಬರುತ್ತಿದ್ದದ್ದು ಮರದ ವಾಸನೆ ಮಾತ್ರ. ಒಂದು ವಾರ ಹೀಗೆ ಕಾದು, ಕೊನೆಗೆ ಅವನೊಂದು ಉಪಾಯ ಮಾಡಿದ. ಅಂಗಿ ಜೇಬಿನಲ್ಲಿ ಫೋನು, ಎಡಗಿವಿಗೆ ಒಂದು ಇಯರ್‌ಫೋನ್. ಬೀರು ಎತ್ತುವ ಮುಂಚೆ 'ಏನಿಲ್ಲ, ಹೀಗೇ' ಹಾಕಿಕೊಳ್ಳುತ್ತಿದ್ದ. ಇಬ್ಬರ ಮಾತು ಬೀರುವಿನ ಆಚೆಯಿಂದಲೇ ಬರುತ್ತಿದೆ ಎಂದು ಕಣ್ಣು ಮುಚ್ಚಿದರೆ ನಂಬಬಹುದಿತ್ತು. ಮೆಟ್ಟಿಲ ಮೇಲೆ ಕಣ್ಣು ಮುಚ್ಚಬಾರದು ಎಂಬ ಇನ್ನೊಂದು ಕಾನೂನೂ ಇದೆ. ಅದನ್ನೀಗ ಯಾರು ಕೇಳಬೇಕು?

ಮಾತು ಕೇಳಿದ ಮೇಲೆ ಉತ್ತರ ಕೊಡದೆ ಇರುವ ಸ್ವಭಾವ ಅವನದಲ್ಲ. ದಪ್ಪ ದನಿ ಏನಾದರೂ ಕೇಳಿದರೆ, "ಅದು ಹಾಗಲ್ಲಪ್ಪ" ಎಂದು ಗಟ್ಟಿಯಾಗಿ ಅನ್ನುತ್ತಿದ್ದ. ಕೆಳಗೆ ಬಾಮೈದ ಭಾವನ ಮಾತೆಲ್ಲ ತನಗೇ ಎಂದು ತಿಳಿದು ತಲೆಯಾಡಿಸುತ್ತಿದ್ದ. ಬೀರು ನಡುವೆ ಇದ್ದದ್ದರಿಂದ ಆ ತಲೆಯಾಡಿಕೆ ಯಾರಿಗೂ ತಲುಪುತ್ತಿರಲಿಲ್ಲ.

ಒಂದು ದಿನ ಹೆಡ್‌ಮಿಸ್ಸಮ್ಮನ ಕೆಲಸ ಬಂತು. ನಿವೃತ್ತರಾಗಿ ಎಂಟು ವರ್ಷವಾದರೂ ಇಡೀ ಕಟ್ಟಡವನ್ನು ತರಗತಿಯ ಹಾಗೆ ನಡೆಸುತ್ತಿದ್ದ ಹೆಂಗಸು. ಮೂರನೇ ಅಂತಸ್ತಿನಿಂದ ನೆಲದ ಅಂತಸ್ತಿಗೆ ಮನೆ ಬದಲಿಸುತ್ತಿದ್ದರು. ಕಟ್ಟಡಕ್ಕೆ ಲಿಫ್ಟ್ ಇಲ್ಲ, ಮೆಟ್ಟಿಲು ಇಕ್ಕಟ್ಟು. ಬೀರು ಅವರ ಅಮ್ಮನ ಕಾಲದ್ದು, ಬಾಗಿಲಿಗೆ ಮುಷ್ಟಿ ಗಾತ್ರದ ಹಿತ್ತಾಳೆ ಹಿಡಿ.

"ಹನ್ನೊಂದು ವರ್ಷದ ಹಿಂದೆ ಇದನ್ನ ಮೇಲೆ ತಂದವರು ನೀವೇ ಅಲ್ವಾ? ಇನ್ನೊಬ್ಬರು ಎಲ್ಲಿ, ಉದ್ದಕ್ಕೆ ಇದ್ದೋರು?"

"ಮಂಡಿ ನೋವು, ಮೇಡಂ."

"ಮೆಟ್ಟಿಲು ಹತ್ತಿದಷ್ಟು ಹೊತ್ತೂ ಬೆಕ್ಕಿನ ಬಗ್ಗೆ ಜಗಳ ಆಡ್ತಿದ್ರಿ ನೀವಿಬ್ಬರು. ಸುಮ್ಮನಿರಿ ಅಂತ ಮೂರು ಸಲ ಹೇಳಿದ್ದೆ."

ಮೇಲಣ್ಣ ಇಯರ್‌ಫೋನ್ ಸಿಕ್ಕಿಸಿಕೊಂಡ. ಆವತ್ತಿನ ವಿಷಯ ಗೋಡೆಗೆ ಚಿತ್ರಪಟ ನೇತುಹಾಕುವುದು. ತೆಳು ದನಿ ಅರ್ಧ ದಿನ ಮೊಳೆ ಹೊಡೆದು, ನೇತುಹಾಕಿ, ಹಿಂದೆ ಸರಿದು ನೋಡಿದರೆ ಪಟದ ಬೆನ್ನು ಈಚೆಗಿದೆಯಂತೆ. "ಈಗ ಏನು ಮಾಡೋದು ಹೇಳು," ಎಂದು ಅದು ಗೋಳಾಡುವ ಹೊತ್ತಿಗೆ ಬೀರು ಎರಡನೇ ಅಂತಸ್ತು ದಾಟಿ, ಕೆಳಗಿನ ತಿರುವಿಗೆ ಬಂದಿತ್ತು.

"ಅತ್ಲಾಗೆ ತಿರುಗಿಸೋ!" ಎಂದ ಮೇಲಣ್ಣ, ಮನಸ್ಸು ತಡೆಯದೆ. "ಪೂರ್ತಿ ತಿರುಗಿಸು!"

ಹೇಳಿದ ಮಾತು ಮೀರದ ಬಾಮೈದ ಪೂರ್ತಿ ತಿರುಗಿಸಿದ.

ಖಟ್ ಎಂದು ಒಂದು ಸದ್ದಾಯಿತು. ಬೀರು ಗೋಡೆಗೂ ಮೆಟ್ಟಿಲ ಕಂಬಿಗೂ ನಡುವೆ ಕೂತುಬಿಟ್ಟಿತು. ಎತ್ತಿದರೆ ಏಳದು, ಎಳೆದರೆ ಬಾರದು, ತಳ್ಳಿದರೆ ಹೋಗದು. ಮೇಲೆ ಮೇಲಣ್ಣ, ಕೆಳಗೆ ಬಾಮೈದ, ನಡುವೆ ಒಂದು ಅಂಗೈ ತೂರುವಷ್ಟು ಸಂದು.

ಹತ್ತು ನಿಮಿಷದಲ್ಲಿ ಬೀರುವಿನ ಮೇಲೂ ಕೆಳಗೂ ಜನ ಸೇರಿದರು. ಮೇಲಿನ ಗುಂಪಿಗೆ ಹೆಡ್‌ಮಿಸ್ಸಮ್ಮ ಮತ್ತು ಕಟ್ಟಡದ ಸಂಘದ ಕಾರ್ಯದರ್ಶಿ. ಕೆಳಗಿನ ಗುಂಪಿಗೆ ಸಂತೆಯಿಂದ ಬಂದು ಚೀಲ ಹಿಡಿದು ನಿಂತ ಹೆಂಗಸರು. ಯಾರು ಕರೆದರೋ, ಅಗ್ನಿಶಾಮಕ ದಳದ ಅಧಿಕಾರಿಯೂ ಅಳತೆಪಟ್ಟಿ ಹಿಡಿದು ಬಂದರು. ಮೂರು ಸಲ ಅಳೆದು, ಸಂದಿನಲ್ಲಿ ಬಾಯಿಟ್ಟು ತೀರ್ಪು ಕೊಟ್ಟರು:

"ಎರಡೇ ದಾರಿ. ಬೀರು ಕತ್ತರಿಸಬೇಕು, ಇಲ್ಲ ಮೆಟ್ಟಿಲು ಒಡೀಬೇಕು. ಅರ್ಜಿ ಯಾವುದಕ್ಕೆ ಬರ್ಕೊಡ್ತೀರಿ?"

"ಮೆಟ್ಟಿಲು ಸಂಘದ ಆಸ್ತಿ!" ಎಂದರು ಕಾರ್ಯದರ್ಶಿ.

"ಬೀರು ನಮ್ಮಮ್ಮನದು!" ಎಂದರು ಹೆಡ್‌ಮಿಸ್ಸಮ್ಮ.

"ಹಾಗಾದ್ರೆ ಮೂರನೇ ದಾರಿ, ಎಲ್ಲರೂ ಇಲ್ಲೇ ಇರೋದು. ಅದಕ್ಕೂ ಅರ್ಜಿ ಇದೆ," ಎಂದು ಅಧಿಕಾರಿ ಸಂದಿನಿಂದ ಒಂದು ನಮೂನೆ ತೂರಿಸಿದರು. ಹೆಡ್‌ಮಿಸ್ಸಮ್ಮ ಅದರಲ್ಲಿದ್ದ ನಾಲ್ಕು ಕಾಗುಣಿತದ ತಪ್ಪು ತಿದ್ದಿ, ಸಹಿ ಮಾಡದೆ ವಾಪಸು ತೂರಿಸಿದರು.

"ನೀವು ಪಾಡ್‌ಕಾಸ್ಟಿನಲ್ಲಿ ಬಂದೋರಲ್ವಾ?" ಎಂದರು ಕಾರ್ಯದರ್ಶಿ, ಮೇಲಣ್ಣನನ್ನು ಅಡಿಯಿಂದ ಮುಡಿಯ ತನಕ ನೋಡಿ. "ಕನ್ನಡಿಗೆ ದಾರಿ ಬಿಟ್ಟೋರು! ಅವತ್ತೇ ತಿಳ್ಕೋಬೇಕಿತ್ತು ನಾವು. ಇಂಥೋರ ಕೈಗೆ ಬೀರು ಕೊಡ್ತಾರಾ?"

ಅದೇ ಹೊತ್ತಿಗೆ ಫೋನಿನ ಚಾರ್ಜು ಮುಗಿಯಿತು. ದಪ್ಪ ದನಿ "ಅಂದ ಹಾಗೆ—" ಎಂದು ನಿಂತುಹೋಯಿತು.

ಮೇಲಣ್ಣ ಮೆಟ್ಟಿಲ ಮೇಲೆ ಕೂತ. ಬೀರುವಿನ ಬೆನ್ನಿಗೆ ತಲೆ ಆನಿಸಿದ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಅವನೊಬ್ಬನನ್ನು ಬಿಟ್ಟು.

"ಭಾವ?" ಎಂದ ಬಾಮೈದ ಕೆಳಗಿನಿಂದ. ಗ್ರಂಥಾಲಯದ ಪಿಸುದನಿ, ಆ ಗದ್ದಲದಲ್ಲಿ ಬೀರುವಿಗೂ ಕೇಳಿಸಿರಲಾರದು. ಉತ್ತರ ಬರಲಿಲ್ಲ. "ಭಾವ?" ಎಂದು ಇನ್ನೊಮ್ಮೆ ಕೇಳಿದ. ಬರಲಿಲ್ಲ. ಬಾಮೈದ ಪಾಠವನ್ನು ನೆನಪಿಸಿಕೊಂಡ. ಮಾತು ನಿಂತರೆ ಏನೋ ಆಗಿದೆ ಅಂತ ಅರ್ಥ. ಇಳಿಸಲು ಕೈಯಲ್ಲಿ ಭಾರವಿರಲಿಲ್ಲ, ಓಡುವುದೊಂದೇ ಬಾಕಿ. ಓಡಿದ. ಎರಡು ಬೀದಿ ದಾಟಿ ಕೆಳಗಣ್ಣನ ಮನೆ ಬಾಗಿಲು ಬಡಿದು, ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಒಂದು ಪೂರ್ತಿ ವಾಕ್ಯ ಹೇಳಿದ:

"ಭಾವ ಬೀರುವಿನ ಹಿಂದೆ ಮಾತು ನಿಲ್ಲಿಸಿಬಿಟ್ಟಿದಾರೆ!"

ಕೆಳಗಣ್ಣ ಚಪ್ಪಲಿ ಹಾಕಿಕೊಳ್ಳಲಿಲ್ಲ.

ಮೇಲಣ್ಣನಿಗೆ ಮೊದಲು ಕೇಳಿಸಿದ್ದು ಬೀರುವಿನ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ್ದು. ಆಮೇಲೆ ಏದುಸಿರು. ಆಮೇಲೆ ದನಿ.

"ಬಾಯಿ ಇದೆಯೇನೋ?"

ಮೇಲಣ್ಣ ಎದ್ದು ನಿಂತ. "ಇದೆ."

"ಕೈಕಾಲು?"

"ಇವೆ."

"ಮತ್ತೆ ಸುಮ್ಮನೆ ಯಾಕಿದ್ದೆ? ನಾನು ಬರಿಗಾಲಲ್ಲಿ ಓಡಿ ಬಂದೆ ಇಲ್ಲಿ!"

"ಯಾರ ಹತ್ರ ಮಾತಾಡ್ಲಿ?"

"ಸರಿ, ಬದುಕಿದೀಯಲ್ಲ. ನಾನು ಹೊರಟೆ."

"ಲೋ, ಇರು ಇರು!" ಮೇಲಣ್ಣ ಸಂದಿಗೆ ಬಾಯಿಟ್ಟ. ಸಿಕ್ಕ ಅವಕಾಶ ಬಿಡಬಾರದೆಂದು ಮತ್ತೆ ಅದೇ ಸಮಾಧಾನ ತೆಗೆದ. "ನಿನ್ನಾಣೆ, ಇಲ್ಲೂ ಯಾರಿಗೂ ಗೊತ್ತಿಲ್ಲ ಅದು ನೀನು ಅಂತ. ಈಗಷ್ಟೇ ಕಾರ್ಯದರ್ಶಿಗಳು ನನಗೇ ಬೈದ್ರು—"

"ಅದೇ ಕಣೋ! ಅದೇ ನನ್ನ ಸಂಕಟ!" ಬೀರುವಿನ ಬಾಗಿಲು ಅದುರಿತು, ಕೆಳಗಣ್ಣ ಗುದ್ದಿದ್ದ. "ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಅಂತ ಮೂರು ಸಲ ಬಂದು ಓಣೀಲಿ ಡಂಗುರ ಹೊಡೆದ್ಯಲ್ಲ! ಯಾಕೆ ಗೊತ್ತಿರಬಾರದು? ಜೀವಮಾನ ಪೂರ್ತಿ ಬೇರೆಯವರ ಸಾಮಾನು ಹೊತ್ತೆ. ನನ್ನದು ಅಂತ ಇದ್ದದ್ದು ಅದೊಂದು ಕಥೆ. ಜನ ನಗೋವಂಥದ್ದು ಅಂತ ನನಗೆ ಆಗಿರೋದು ಅದೊಂದೇ. ಅದನ್ನೂ ನೀನು ಹೊತ್ಕೊಂಡು ಹೋದೆ. ಮೊಮ್ಮಗಳಿಗೆ ಹೇಳೋಕೆ ಹೋದ್ರೆ, 'ತಾತ, ಅದು ಪಾಡ್‌ಕಾಸ್ಟಲ್ಲಿ ಬಂದಿದ್ದು, ನೀನು ಕದ್ದು ಹೇಳ್ತಿದೀಯ' ಅಂತಾಳೆ!"

ಅಧಿಕಾರಿಯ ಅಳತೆಪಟ್ಟಿ ತಾನಾಗಿ ಸರ್ರನೆ ಸುರುಳಿಯಾಯಿತು.

ಮೇಲಣ್ಣ ಹೆಡ್‌ಮಿಸ್ಸಮ್ಮನ ಕಡೆ ತಿರುಗಿ, ತಪ್ಪು ಮಾಡಿದ ಹುಡುಗನ ಹಾಗೆ ಕೈಕಟ್ಟಿ, ಎರಡು ಗುಂಪಿಗೂ ಕೇಳಿಸುವಂತೆ ಹೇಳಿದ:

"ಕನ್ನಡಿಗೆ ದಾರಿ ಬಿಟ್ಟಿದ್ದು ನಾನಲ್ಲ. ಇವನು. ಬೀರುವಿನ ಆಚೆ ಇರೋನು. ನಾನು ಸುಳ್ಳು ಹೇಳಿದ್ದು. ನನಗೆ ಏನೂ ಆಗಿಲ್ಲ. ಯಾವತ್ತೂ ಏನೂ ಆಗಿಲ್ಲ ನನಗೆ."

"ನೀವಲ್ವಾ?" ಕಾರ್ಯದರ್ಶಿಗೆ ಬಹಳ ಬೇಸರವಾಯಿತು. "ನಮ್ಮ ಸಂಬಂಧಿಕರಿಗೆಲ್ಲ ಹೇಳಿದೀನಲ್ಲ, ನಿಮ್ಮನ್ನ ಗೊತ್ತು ಅಂತ!"

"ಅದೂ ಅರ್ಧ ಹೇಳಿದಾನೆ," ಎಂದಿತು ಕೆಳಗಿನ ದನಿ, ಈಗ ಸ್ವಲ್ಪ ಮೆತ್ತಗೆ. "ಕೊನೆಯದನ್ನ ನಾನು ಅವನಿಗೂ ಹೇಳಿಲ್ಲ."

"ಹಾಗಾದ್ರೆ ಪೂರ್ತಿ ಹೇಳಿ," ಎಂದರು ಹೆಡ್‌ಮಿಸ್ಸಮ್ಮ. "ಹೇಗೂ ಯಾರೂ ಎಲ್ಲೂ ಹೋಗೋ ಹಾಗಿಲ್ಲ."

ಕೆಳಗಣ್ಣ ಹೇಳಿದ. ಮೊದಲಿನಿಂದ ಹೇಳಿದ. ಕುರ್ಚಿ ಎಷ್ಟು, ಯಾವ ಬಣ್ಣ, ಎದುರಿನವನ ಅಂಗಿಯೂ ತನ್ನದರ ಹಾಗೇ ಹೆಗಲಲ್ಲಿ ಹರಿದಿದ್ದು, "ನಿಮ್ಮದೂ ಇದೇ ಕೆಲಸವಾ?" ಎಂದು ತಾನು ಕೇಳಿದ್ದು, ಅವನೂ ಅದನ್ನೇ ಕೇಳಿದ ಹಾಗಾಗಿ, "ಹೂಂ, ಇದೇ" ಎಂದು ತಾನೇ ಉತ್ತರಿಸಿದ್ದು. ಕೆಳಗಿನ ಹೆಂಗಸರು ಚೀಲ ಇಳಿಸಿ ನಕ್ಕರು. ಹೆಡ್‌ಮಿಸ್ಸಮ್ಮ ಕಂಬಿ ಹಿಡಿದುಕೊಂಡು ನಕ್ಕರು. ಮೇಲಣ್ಣನಿಗೆ ಕಥೆ ಗೊತ್ತಿದ್ದರೂ, ಹೇಳುವವನ ಮುಖ ಕಾಣದಿದ್ದರೂ, ಎಲ್ಲರಿಗಿಂತ ಮುಂಚೆ ನಗು ಬಂತು.

"ಅಷ್ಟರಲ್ಲಿ ಮನೆ ಯಜಮಾನರು ಬಂದ್ರು," ಎಂದ ಕೆಳಗಣ್ಣ. "'ಯಾರ ಜೊತೆ ಮಾತಾಡ್ತಿದೀಯೋ' ಅಂದ್ರು. 'ಇವರ ಜೊತೆ ಸ್ವಾಮಿ. ಪಾಪ, ಇವರೂ ನನ್ನ ಹಾಗೆ ಒಬ್ಬರೇ ಬಂದಿದಾರೆ. ಇಬ್ಬರೂ ಸೇರಿದ್ರೆ ಒಂದು ದೊಡ್ಡ ಮೇಜು ಎತ್ತಬಹುದು' ಅಂದೆ."

ನಕ್ಕವರು ನಕ್ಕರು. ಅಧಿಕಾರಿ ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಮೇಲಣ್ಣ ನಗಲಿಲ್ಲ. ಆ ಹೊಸದರಲ್ಲೇ ಕೆಳಗಣ್ಣ ತನ್ನನ್ನು ಹುಡುಕಿಕೊಂಡು ಬಂದು, "ಜೊತೆಗೆ ಬರ್ತೀಯಾ?" ಎಂದು ಕೇಳಿದ್ದು ಯಾಕೆಂದು ಅವನಿಗೆ ಈಗ ಲೆಕ್ಕ ಸಿಕ್ಕಿತು.

"ಈಗ ಕೆಲಸ ನೋಡು," ಎಂದ ಕೆಳಗಣ್ಣ. "ಯಾವ ಪುಣ್ಯಾತ್ಮ ಇದನ್ನ ಹೀಗೆ ತಿರುಗಿಸಿದ್ದು? ಹಿತ್ತಾಳೆ ಹಿಡಿ ಕಂಬಿ ಸಂದಿಗೆ ಹೊಕ್ಕೊಂಡಿದೆ. ಮೇಲಿಂದ ನಿನಗೆ ಕಾಣಲ್ಲ. ಎಳೆದಷ್ಟೂ ಕಚ್ಕೊಳುತ್ತೆ. ಎರಡು ಮೆಟ್ಟಿಲು ವಾಪಸು ಹತ್ತು."

"ಇಳಿಸೋದಲ್ವಾ?"

"ಹತ್ತು ಅಂದ್ರೆ ಹತ್ತೋ!"

ಬಾಮೈದನನ್ನು ಪಕ್ಕಕ್ಕೆ ಸರಿಸಿ ಕೆಳಗಣ್ಣ ಕೆಳಬದಿ ಹಿಡಿದ. ಎರಡು ಮೆಟ್ಟಿಲು ಹತ್ತಿದರು. ಹಿಡಿ ಬಿಟ್ಟುಕೊಂಡಿತು. ಕೆಳಗಣ್ಣ ಒಂದು ಮಗ್ಗುಲಿಗೆ ವಾಲಿಸಿದ, ಮೇಲಣ್ಣ ಹೇಳಿಸಿಕೊಳ್ಳದೆ ಇನ್ನೊಂದು ಮಗ್ಗುಲಿಗೆ ವಾಲಿಸಿದ. ಬೀರು ನೀರಿನಲ್ಲಿ ದೋಣಿ ಹೊರಳಿದ ಹಾಗೆ ತಿರುವಿನಲ್ಲಿ ಹೊರಳಿತು. ಅಧಿಕಾರಿ ತಮ್ಮ ನಮೂನೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಇನ್ನು ಉಳಿದದ್ದು ಇಪ್ಪತ್ತೆಂಟು ಮೆಟ್ಟಿಲು. ಎಷ್ಟು ಭಾರವಿದ್ದರೂ ನಾಲ್ಕು ನಿಮಿಷದ ಕೆಲಸ.

"ನಾಳೆ ಎಷ್ಟು ಹೊತ್ತಿಗೆ ಬರ್ತೀಯ?" ಎಂದ ಮೇಲಣ್ಣ ಮೊದಲನೇ ಮೆಟ್ಟಿಲಲ್ಲಿ.

"ಮಂಡಿ ನೋವು ಕಣೋ."

"ಅದು ನೆಪ ಅಲ್ವಾ?"

"ಮೊದಲ ವಾರ ನೆಪ. ಕೂತ್ಕೊಂಡ ಮೇಲೆ ನಿಜ ಆಯ್ತು. ಇಪ್ಪತ್ತೆರಡು ವರ್ಷ ಕೆಳಗಡೆ ಹೊತ್ತಿದೀನಿ. ಡಾಕ್ಟ್ರು ಇನ್ನು ಮೆಟ್ಟಿಲೇ ಬೇಡ ಅಂದಿದಾರೆ. ಇವತ್ತು ಬಂದಿದ್ದು ಗೊತ್ತಾದ್ರೆ ಮಗಳು ಕೊಲ್ತಾಳೆ."

ಮೇಲಣ್ಣನಿಗೆ ಮುಂದಿನ ಮೆಟ್ಟಿಲಿಗೆ ಕಾಲಿಡಲು ಸ್ವಲ್ಪ ಹೊತ್ತು ಹಿಡಿಯಿತು.

"ಏನೋ, ಸುಮ್ಮನಾದೆ?" ಕೆಳಗಣ್ಣನ ದನಿಯಲ್ಲಿ ಗಾಬರಿಯಿತ್ತು. "ಇಳಿಸ್ಲಾ?"

"ಬೇಡ ಬೇಡ! ಇದೀನಿ, ಇದೀನಿ," ಎಂದ ಮೇಲಣ್ಣ. "ಅಲ್ಲಾ ಕಣೋ, ಬಾಗಿಲ ಮೇಲೆ 'ತಳ್ಳಿ' ಅಂತ ಬರೆದಿರ್ತಾರಲ್ಲ, ಅದನ್ನ ಓದಿದ ಮೇಲೂ ಎಲ್ಲರೂ ಎಳೀತಾರಲ್ಲ, ಯಾಕೆ?"

"ಬಾಗಿಲು ಹೇಳಿದ್ದನ್ನ ಕೇಳೋ ಜಾತಿನಾ ಮನುಷ್ಯ? ಹೆಂಡ್ತಿ ಹೇಳಿದ್ದನ್ನೇ ಕೇಳಲ್ಲ."

"ಅದಕ್ಕೇ 'ಎಳೆಯಿರಿ' ಅಂತ ಬರೆದ್ರೆ?"

"ಆಗ ಓದೋಕೆ ಬರದೋರು ಸಿಕ್ಕಿಹಾಕ್ಕೊಳಲ್ವಾ?"

ಹೀಗೆ ಒಂದು ಮೆಟ್ಟಿಲಿಗೆ ಒಂದು ವಿಷಯದಂತೆ ಬಂತು. ಕೊಡೆ ಬಂತು, ಸಾಬೂನು ಬಂತು, ಐದು ಡಬ್ಬಿಯ ಸಂಸಾರ ಬಂತು. ಹಿಂದೆ ಇಳಿದು ಬರುತ್ತಿದ್ದ ಕಾರ್ಯದರ್ಶಿ, "ಸ್ವಲ್ಪ ಬೇಗ ಆಗಲ್ವಾ?" ಎಂದರೆ ಹೆಡ್‌ಮಿಸ್ಸಮ್ಮ ಅವರ ಕಡೆ ತಿರುಗಿ, "ಶ್" ಎಂದರು. ಬಾಮೈದ ಅವರನ್ನು ಬಹಳ ಗೌರವದಿಂದ ನೋಡಿದ.

ನಾಲ್ಕು ನಿಮಿಷದ ದಾರಿಗೆ ಅರ್ಧ ಗಂಟೆಯಾಯಿತು. ಕೊನೆಯ ಮೆಟ್ಟಿಲೂ ಮುಗಿಯಿತು. ಹೆಡ್‌ಮಿಸ್ಸಮ್ಮ ಮುಂದೆ ಹೋಗಿ ನೆಲದ ಅಂತಸ್ತಿನ ಬಾಗಿಲು ತೆರೆದು, ಗೋಡೆಯ ಪಕ್ಕ ಖಾಲಿ ಜಾಗ ತೋರಿಸಿದರು.

"ಇಲ್ಲೇ. ಇಳಿಸಿ."

ಇಬ್ಬರೂ ಬೀರು ಹಿಡಿದುಕೊಂಡು ಆ ಜಾಗದಲ್ಲಿ ನಿಂತರು. ಮೇಲಣ್ಣ ಈಗ ಮೇಲಿರಲಿಲ್ಲ, ಕೆಳಗಣ್ಣ ಕೆಳಗಿರಲಿಲ್ಲ. ನಡುವೆ ಬೀರು ಮಾತ್ರ ಇತ್ತು.

"ಇಳಿಸೀಪ್ಪಾ," ಎಂದರು ಹೆಡ್‌ಮಿಸ್ಸಮ್ಮ ಮತ್ತೊಮ್ಮೆ.

"ಅಂದ ಹಾಗೆ," ಎಂದ ಮೇಲಣ್ಣ, "ಆ ಬೆಕ್ಕಿನ ವಿಷಯ ಏನಾಯ್ತೋ?"

"ಬೆಕ್ಕಿಗೆ ಹೆಸರು ಗೊತ್ತಿರುತ್ತೆ ಕಣೋ," ಎಂದಿತು ಆಚೆ ಬದಿಯ ದನಿ, ಏದುಸಿರಿನ ನಡುವೆ. "ಇನ್ನೊಂದು ಸಲ ಕರೀಲಿ ಅಂತ ಕಾಯ್ತಿರುತ್ತೆ."

"ಅದು ಹೇಗಪ್ಪ ಹೇಳ್ತೀಯ?"

"ಹೇಳ್ತೀನಿ, ಹಿಡ್ಕೋ."

ಕಾನೂನು ಕಾನೂನೇ. ಮಾತು ನಿಂತಿರಲಿಲ್ಲ, ಹಾಗಾಗಿ ಬೀರು ಇನ್ನೂ ಇಳಿದಿರಲಿಲ್ಲ.